ಮೊದಲ ಟ್ರಿಪ್ಪಿನವರು

ಪ್ರೀತಿಯ ಇಲಿ ಡಾಕ್ಟರಿಗೆ,

ನಿನ್ನ ಅಣ್ಣನ ಆಶೀರ್ವಾದಗಳು. ಕ್ಷೇಮ ಸಮಾಚಾರವನ್ನು ಮೊದಲೇ ಮುಗಿಸಿಬಿಡುತ್ತೇನೆ. ಮಂಡಿನೋವು ಇದ್ದಲ್ಲೇ ಇದೆ, ಕನ್ನಡಕದ ನಂಬರು ಏರಿದೆ, ಅಡುಗೆ ಈಗ ನನ್ನದೇ ಆದ್ದರಿಂದ ಹಸಿವು ಕಡಿಮೆಯಾಗಿದೆ. ಮಿಕ್ಕಂತೆ ಚೆನ್ನಾಗಿದ್ದೇನೆ.

ನೀನು ಕಳಿಸಿದ ಹಾಳೆಗಳು ಬಂದವು. ನಿನ್ನ ಲಸಿಕೆಯ ಪರೀಕ್ಷೆಗೆ ಸೇರುವ ಎರಡನೇ ಗುಂಪಿನ ರೋಗಿಗಳಿಗೆ ಕೊಡುವ ಮಾಹಿತಿ ಪತ್ರ. "ಬಿಡುವಾದಾಗ ಕಣ್ಣಾಡಿಸು ಅಣ್ಣ, ಅವಸರವಿಲ್ಲ" ಎಂದು ಮೇಲೊಂದು ಚೀಟಿ ಅಂಟಿಸಿದ್ದೀಯ. ಹುಟ್ಟಿದಾಗಿನಿಂದ ನೀನು ಅವಸರವಿಲ್ಲ ಎಂದದ್ದು ಇದೇ ಮೊದಲು. ಯಾಕೆ ಹಾಗೆ ಬರೆದೆ ಎಂದು ನನಗೆ ಗೊತ್ತು. ಹಾಳೆಗಳು ಹಲವು ದಿನ ಊಟದ ಮೇಜಿನ ಮೇಲೇ ಬಿದ್ದಿದ್ದವು, ನಾನು ತಟ್ಟೆಯನ್ನು ಅವುಗಳ ಪಕ್ಕಕ್ಕೆ ಇಟ್ಟುಕೊಂಡು ಉಂಡು ಏಳುತ್ತಿದ್ದೆ. ಇವತ್ತು ಬೆಳಗ್ಗೆ ಕೆಂಪು ಪೆನ್ನು ಹಿಡಿದು ಕೂತು ಮುಗಿಸಿದೆ. ತಪ್ಪುಗಳು ಹೆಚ್ಚಿಲ್ಲ. ಒಂದೇ ಒಂದು ಕಡೆ ನಿನ್ನ ಜೊತೆ ಮಾತಾಡಬೇಕಾಗಿದೆ, ಅದಕ್ಕೇ ಈ ಕಾಗದ. ಅಲ್ಲಿಗೆ ಬರುವ ಮೊದಲು ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ. ಸಹಿಸಿಕೋ.

ನಮ್ಮ ಮನೆಯಲ್ಲಿ ಮೂರು ಜನ, ಮೂರು ಕಸುಬು. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ನಿನ್ನ ಅತ್ತಿಗೆ ಸಿಟಿ ಬಸ್ಸಿನ ಕಂಡಕ್ಟರು. ನೀನು ಓದಲೆಂದು ನಮ್ಮ ಮನೆಗೆ ಬಂದವಳು. ಓದು ಇವತ್ತು ಮುಗಿದೀತು, ನಾಳೆ ಮುಗಿದೀತು ಎಂದು ನಾವಿಬ್ಬರೂ ಕಾದೆವು, ಅದು ಮುಗಿಯುವ ಬದಲು ಪ್ರಯೋಗಾಲಯವಾಗಿ ಬೆಳೆಯಿತು. ಇಲಿಗಳ ಜೊತೆ ಕೆಲಸ ಎಂದು ನೀನು ಹೇಳಿದ ದಿನ ನಿನ್ನ ಅತ್ತಿಗೆ ಬಾಗಿಲಿಗೆ ಅಡ್ಡ ನಿಂತು, "ಕೈಕಾಲು ತೊಳ್ಕೊಂಡು ಒಳಗೆ ಬಾ, ಇಲಿ ಡಾಕ್ಟ್ರೇ" ಎಂದಳು. ಹೆಸರು ಅಂಟಿಕೊಂಡಿತು. ಪಕ್ಕದ ಮನೆಯವರು ತಮ್ಮ ಅಡುಗೆಮನೆಗೆ ಇಲಿ ನುಗ್ಗಿದೆ, ಡಾಕ್ಟರನ್ನು ಸ್ವಲ್ಪ ಕಳಿಸಿಕೊಡಿ ಎಂದು ಕೇಳಿಕೊಂಡು ಬಂದದ್ದು ನೆನಪಿದೆಯಲ್ಲ? ಇವಳು ಮುಖ ಗಂಭೀರ ಮಾಡಿಕೊಂಡು ನಿನ್ನನ್ನು ಕಳಿಸಿಯೇಬಿಟ್ಟಳು. ನೀನೂ ಪೊರಕೆ ಹಿಡಿದು ಹೋದೆ. ಇಲಿ ಹೋಯಿತು, ಅವರ ಒಂದು ಹೂಜಿ ಕೂಡ ಹೋಯಿತು.

ಇಷ್ಟು ವರ್ಷ ನೀನು ಹಿಡಿದದ್ದು ಒಂದೇ ಹಟ. ಕ್ಯಾನ್ಸರ್ ಗಡ್ಡೆಗೆ ನೇರವಾಗಿ ಹೊಡೆಯುವುದು ಬೇಡ, ಅದಕ್ಕೆ ರಕ್ತ ತಂದುಕೊಡುವ ನಾಳಗಳಿಗೆ ಹೊಡೆಯಬೇಕು, ಅದನ್ನೂ ಹೊರಗಿನ ಔಷಧಿಯಿಂದಲ್ಲ, ರೋಗಿಯ ಮೈಗೇ ಕಲಿಸಿ ಮಾಡಿಸಬೇಕು. ನಿನ್ನ ಜೊತೆ ಓದಿದವರು ಬೇರೆ ಬೇರೆ ದಾರಿ ಹಿಡಿದು ದೊಡ್ಡ ದೊಡ್ಡ ಕೋಣೆಗಳಿಗೆ ಹೋದರು. ನೀನು ಆ ಕಿಟಕಿಯಿಲ್ಲದ ಕೋಣೆಯಲ್ಲಿ, ಗೊರಗೊರ ಎನ್ನುವ ಫ್ರಿಜ್ಜಿನ ಪಕ್ಕದಲ್ಲಿ ಉಳಿದೆ. ನಿನ್ನ ಇಲಿಗಳು ಒಂದು ವರ್ಷ ಹೇಳಿದ ಮಾತು ಕೇಳಿದರೆ ಮುಂದಿನ ವರ್ಷ ಕೇಳುತ್ತಿರಲಿಲ್ಲ. ಅಂಥ ದಿನಗಳಲ್ಲಿ ನೀನು ಮನೆಗೆ ಬಂದು ಚೀಲ ಇಟ್ಟ ಸದ್ದಿನಿಂದಲೇ ಇವಳಿಗೆ ಗೊತ್ತಾಗುತ್ತಿತ್ತು. ಏನಾಯಿತು ಎಂದು ಒಮ್ಮೆಯೂ ಕೇಳಲಿಲ್ಲ. ತನ್ನ ಬಸ್ಸಿನಲ್ಲಿ ಆ ದಿನ ನಡೆದ ಜಗಳವೊಂದನ್ನು ಎರಡೂ ಕಡೆಯವರ ದನಿಯಲ್ಲಿ ಆಡಿ ತೋರಿಸುತ್ತಿದ್ದಳು, ನೀನು ನಗುವವರೆಗೂ ಬಿಡುತ್ತಿರಲಿಲ್ಲ. ಎಷ್ಟೋ ಜಗಳಗಳು ನಡೆದೇ ಇರಲಿಲ್ಲವಂತೆ. ನನಗೆ ಆಮೇಲೆ ಹೇಳಿದಳು.

ಕೊನೆಗೆ, ನೀನು ಬೇರೆ ಮನೆ ಮಾಡಿಕೊಂಡ ಮೇಲಿನ ಒಂದು ಭಾನುವಾರ, ಮೊದಲನೇ ಗುಂಪಿನ ಮಾಹಿತಿ ಪತ್ರ ತಂದೆ. ಮನುಷ್ಯರ ಮೇಲೆ ಮೊದಲ ಪರೀಕ್ಷೆ. ನೀನು ಚಹಾ ಲೋಟ ಹಿಡಿದು ನನ್ನ ಎದುರು ಕೂತೆ. ನಾನು ಗಟ್ಟಿಯಾಗಿ ಓದತೊಡಗಿದೆ. ಎರಡನೇ ಸಾಲಿಗೇ ನಿಲ್ಲಬೇಕಾಯಿತು. "ಗಡ್ಡ ಬೆಳೆದಂತೆಲ್ಲ ಅದಕ್ಕೆ ಹೆಚ್ಚು ಹೆಚ್ಚು ರಕ್ತ ಬೇಕಾಗುತ್ತದೆ." ಟೈಪು ಮಾಡಿದವರು ಗಡ್ಡೆಯ ಎತ್ವವನ್ನು ನುಂಗಿಬಿಟ್ಟಿದ್ದರು. ಕೆಳಗೆ ಇನ್ನೂ ಇತ್ತು: "ಗಡ್ಡ ಇರುವವರು ಮಾತ್ರ ಈ ಪರೀಕ್ಷೆಗೆ ಸೇರಬಹುದು." ಅಡುಗೆಮನೆಯಿಂದ ನಿನ್ನ ಅತ್ತಿಗೆ, "ಹಾಗಾದ್ರೆ ನಿಮ್ಮ ಗಾಡೀಲಿ ಲೇಡೀಸ್ ಸೀಟೇ ಇಲ್ವಾ?" ಎಂದಳು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇವಳಿಗೆ ನಗುವಿನ ಮಧ್ಯೆ ಕೆಮ್ಮು ಬಂತು. ಬಸ್ಸಿನ ಧೂಳು ಎಂದುಕೊಂಡೆವು.

ನಕ್ಕು ಮುಗಿದ ಮೇಲೆ ನೀನು ಆ ಸಾಲನ್ನೇ ನೋಡುತ್ತಾ ಕೂತೆ. ಆಮೇಲೆ ಹೇಳಿದೆ, "ಅಣ್ಣಾ, ನಾನು ಇಷ್ಟು ವರ್ಷ ಹುಡುಕ್ತಾ ಇದ್ದಿದ್ದು ಈ ಎತ್ವಾನೇ." ನಿನ್ನ ವಿಜ್ಞಾನ ನನ್ನ ತಲೆಗೆ ಇಳಿದದ್ದು ಆ ದಿನ. ಅದಕ್ಕೂ ಮೊದಲು ನೀನು ತೋಟ, ಕಳೆ, ನೀರಿನ ಪೈಪು ಎಂದು ಏನೇನೋ ಹೇಳಿದ್ದೆ, ನಾನು ತಲೆಯಾಡಿಸಿದ್ದೆ ಅಷ್ಟೇ. ಗಡ್ಡೆ ತನಗಾಗಿ ಕಟ್ಟಿಕೊಳ್ಳುವ ಹೊಸ ರಕ್ತನಾಳದ ಗೋಡೆಯಲ್ಲಿ ಒಂದು ಪ್ರೊಟೀನು ಇರುತ್ತದೆ. ಮೈಯ ಬೇರೆ ನಾಳಗಳಲ್ಲೂ ಅದೇ ಪ್ರೊಟೀನು ಇದೆ, ಆದರೆ ಇಲ್ಲಿರುವುದಕ್ಕೆ ಒಂದು ಚೂರು ಹೆಚ್ಚಿಗೆ ಅಂಟಿಕೊಂಡಿದೆ, ಗಡ್ಡಕ್ಕೂ ಗಡ್ಡೆಗೂ ಇರುವಷ್ಟೇ ವ್ಯತ್ಯಾಸ. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಆ ಚೂರು ಇರುತ್ತದಂತೆ, ಆಮೇಲೆ ಹೆಚ್ಚುಕಡಿಮೆ ಮರೆಯಾಗುತ್ತದಂತೆ, ಗಡ್ಡೆ ಬಂದಾಗ ಮತ್ತೆ ಹಾಜರು. ಮೈಯನ್ನು ಕಾಯುವ ಕಣಗಳು ಅದನ್ನು ನೋಡಿಯೂ ಸುಮ್ಮನೆ ಮುಂದೆ ಹೋಗುತ್ತವೆ, ಯಾಕೆಂದರೆ ಅದು ಮನೆಯದೇ ಮುಖ.

ಇದು ನನಗೆ ಅರ್ಥವಾಗದೆ ಇನ್ನು ಯಾರಿಗೆ ಅರ್ಥವಾಗಬೇಕು? ಕರಡು ತಿದ್ದುವವನ ಕಣ್ಣು ಮೋಸ ಹೋಗುವುದು ಕಷ್ಟದ ಪದಗಳಲ್ಲಲ್ಲ, ದಿನಾ ಕಾಣುವ ಪದಗಳಲ್ಲಿ. ಪರಿಚಯದ ಪದವನ್ನು ಕಣ್ಣು ಓದುವುದೇ ಇಲ್ಲ, ಜಾರಿಕೊಂಡು ಹೋಗುತ್ತದೆ. ಪಕ್ಕದಲ್ಲಿ ಒಂದು ವಿಚಿತ್ರ ಪದ ಬಂದರೆ ಮಾತ್ರ ನಿಲ್ಲುತ್ತದೆ, ನಿಂತ ಮೇಲೆ ಅಕ್ಕಪಕ್ಕದ್ದೂ ಕಾಣುತ್ತದೆ. ನಿನ್ನ ಲಸಿಕೆ ಮಾಡುವುದೂ ಅದನ್ನೇ ಎಂದೆ. ಆ ಹೆಚ್ಚುವರಿ ಚೂರನ್ನು ತೆಗೆದು ಯಾವುದೋ ಬ್ಯಾಕ್ಟೀರಿಯಾದ ಚೂರಿಗೆ ಹೊಲಿದು ಕಳಿಸುತ್ತೀರಿ. ಪರಕೀಯನನ್ನು ಕಂಡು ಮೈ ಎಚ್ಚರಗೊಳ್ಳುತ್ತದೆ, ಜೊತೆಗಿರುವುದನ್ನೂ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಅದೇ ಗುರುತು ಗಡ್ಡೆಯ ನಾಳಗಳಲ್ಲಿ ಕಂಡರೆ ಬಿಡುವುದಿಲ್ಲ. ನಾಳ ಕೆಟ್ಟರೆ ಗಡ್ಡೆಗೆ ಉಪವಾಸ. ಇಷ್ಟು ಸರಳವಾದದ್ದನ್ನು ಹುಡುಕಲು ನಿನಗೆ ಅರ್ಧ ಆಯುಸ್ಸು ಹಿಡಿಯಿತು. ನಾನು ಅವತ್ತು ಬಾಯಿಬಿಟ್ಟು ಹೇಳಲಿಲ್ಲ, ಈಗ ಬರೆಯುತ್ತಿದ್ದೇನೆ: ನನ್ನ ತಂಗಿಯ ತಲೆಯ ಬಗ್ಗೆ ನನಗೆ ಹೆಮ್ಮೆಯಾಯಿತು. ಆ ತಲೆಗೆ ಚಿಕ್ಕಂದಿನಲ್ಲಿ ಮೊಟಕುತ್ತಿದ್ದವನು ನಾನೇ, ಆದ್ದರಿಂದ ಸ್ವಲ್ಪ ಪಾಲು ನನಗೂ ಬರಬೇಕು.

ಅವತ್ತೇ ನಾವು ಎರಡು ಕಡೆ ಜಗಳವಾಡಿದೆವು. ಮೊದಲನೆಯದು ನನ್ನ ಹಳೆಯ ವೈರಿ. ನಿನ್ನ ಹಾಳೆಯ ತುಂಬ "ಕೊಡಲಾಗುವುದು, ತೆಗೆಯಲಾಗುವುದು, ಪರೀಕ್ಷಿಸಲಾಗುವುದು." ಯಾರು ಈ ಲಾಗುವುದು, ಅವನಿಗೆ ಕೈಕಾಲು ಇದೆಯೇ, ಸೂಜಿ ಹಿಡಿದು ಬರುವವನು ಅವನೇನಾ ಎಂದು ಕೇಳಿದೆ. ಎಲ್ಲವನ್ನೂ ಹೊಡೆದು ಹಾಕಿ, ನರ್ಸ್ ನಿಮ್ಮ ತೋಳಿಗೆ ಚುಚ್ಚುತ್ತಾರೆ, ಡಾಕ್ಟರು ನಿಮ್ಮ ರಕ್ತ ತೆಗೆದುಕೊಳ್ಳುತ್ತಾರೆ ಎಂದು ಮಾಡಿದೆ. ನೀನು ಒಪ್ಪಿಕೊಂಡೆ.

ಎರಡನೆಯದನ್ನು ಒಪ್ಪಲಿಲ್ಲ. "ಇದರಿಂದ ನಿಮಗೆ ಪ್ರಯೋಜನ ಆಗಬಹುದು, ಆಗದೆಯೂ ಇರಬಹುದು." ಆಗಬಹುದು ಎಂದರೆ ಆಗದಿರಬಹುದು ಎಂಬುದೂ ಅದರೊಳಗೇ ಇದೆ, ಎರಡನೆಯದು ದಂಡ ಎಂದು ನಾನು ಗೀಟು ಎಳೆದೆ. ನೀನು ಪೆನ್ಸಿಲ್ಲಿನಿಂದ ಅದನ್ನು ಮತ್ತೆ ಮೇಲೆ ಬರೆದೆ. "ಕಾಯಿಲೆಯವರು ಮೊದಲನೇ ಅರ್ಧ ಮಾತ್ರ ಓದ್ತಾರೆ ಅಣ್ಣ. ಎರಡನೇ ಅರ್ಧಾನ ನಾವೇ ಎತ್ತಿ ತೋರಿಸ್ಬೇಕು" ಎಂದೆ. ವ್ಯಾಕರಣದಲ್ಲಿ ಗೆದ್ದವನು ನಾನು, ವಾಕ್ಯ ಉಳಿದದ್ದು ನಿನ್ನದು.

ಮುಂದಿನದು ನಿನಗೆ ಗೊತ್ತಿರುವುದೇ. ಧೂಳಿನ ಕೆಮ್ಮು ಧೂಳಿನದಾಗಿರಲಿಲ್ಲ. ಗಡ್ಡೆ ಮೂತ್ರಪಿಂಡದಲ್ಲಿ ಹುಟ್ಟಿ ಶ್ವಾಸಕೋಶದವರೆಗೆ ನಡೆದುಬಂದಿತ್ತು. ಆಪರೇಷನ್ ಆಯಿತು, ಮಾತ್ರೆಗಳಾದವು, ಮಾತ್ರೆಗಳು ಸ್ವಲ್ಪ ಕಾಲ ಕೈ ಹಿಡಿದು ಆಮೇಲೆ ಬಿಟ್ಟವು. ಇನ್ನು ಕೊಡಲು ಬೇರೆ ಔಷಧಿ ಇಲ್ಲ ಎಂದ ಆ ಉದ್ದ ಮುಖದ ಡಾಕ್ಟರು, ಹೊಸದೊಂದು ಪರೀಕ್ಷೆಗೆ ಅನುಮತಿ ಸಿಕ್ಕಿ ಈಗಷ್ಟೇ ಶುರುವಾಗುತ್ತಿದೆ, ಸೇರಲೇಬೇಕೆಂದೇನೂ ಇಲ್ಲ, ಓದಿ ನೋಡಿ ಎಂದು ಮೇಜಿನ ಡ್ರಾಯರ್ ಎಳೆದು ಕೆಲವು ಹಾಳೆ ಕೊಟ್ಟರು. ನಾನೇ ತಿದ್ದಿದ ಹಾಳೆಗಳು. ಅದರ ಒಂದೊಂದು ಅಲ್ಪವಿರಾಮವೂ ನನಗೆ ಗೊತ್ತು. ಗಡ್ಡೆಗೆ ಎತ್ವ ಹಾಕಿದವನು ನಾನು, ಆ ಗಡ್ಡೆ ನನ್ನ ಮನೆಯೊಳಗೇ ಇದೆ ಎಂದು ತಿಳಿಯದೆ ಹಾಕಿದ್ದೆ.

ಮನೆಗೆ ಬಂದು ನಿನ್ನ ಅತ್ತಿಗೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಹಿಂದಿನ ಸೀಟಿನವರಿಗೂ ಕೇಳಬೇಕು ಎಂಬ ಹಾಗೆ ದೊಡ್ಡ ದನಿಯಲ್ಲಿ ಓದಿದಳು. ಆ ವಾಕ್ಯಕ್ಕೆ ಬಂದಾಗ ನಿಂತಳು. ಎರಡು ಸಲ ಓದಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಇದು ನೀವು ಬರ್ದಿದ್ದಾ, ಅವಳು ಬರ್ದಿದ್ದಾ?"

ಅವಳದು ಎಂದೆ.

"ಹಾಗಾದ್ರೆ ನಂಬಬಹುದು" ಎಂದಳು.

ನನಗೆ ನಂಬಿಕೆ ಬೇಕಿರಲಿಲ್ಲ, ಭರವಸೆ ಬೇಕಿತ್ತು. ನೀನೋ, ಅತ್ತಿಗೆಯ ಹೆಸರು ಬಂದ ಕೂಡಲೇ ಪರೀಕ್ಷೆಯ ಮೇಲೆ ಕಣ್ಣಿಡುವ ಆಸ್ಪತ್ರೆಯ ಸಮಿತಿಗೆ ನೀನೇ ಹೋಗಿ ಅವಳು ನಮ್ಮ ಮನೆಯವಳು, ಅವಳ ವಿಷಯದಲ್ಲಿ ನಾನು ದೂರ ಇರುತ್ತೇನೆ ಎಂದು ಹೇಳಿ ಬಂದೆ. ಅವಳು ನಿರ್ಧಾರ ಮಾಡುವವರೆಗೆ ಮನೆಯ ಕಡೆ ಬರುವುದನ್ನೂ ನಿಲ್ಲಿಸಿದೆ. ಫೋನಿಗೆ ಸಿಗಲಿಲ್ಲ. ನಾನು ಕೆಂಡಾಮಂಡಲನಾಗಿ ನಿನ್ನ ಪ್ರಯೋಗಾಲಯಕ್ಕೇ ಬಂದೆ. ನೀನು ಕೈಗವಸು ಕಳಚುತ್ತಾ ಹೊರಗೆ ಬಂದೆ, ಮಣಿಕಟ್ಟಿನಲ್ಲಿ ಅದರ ಕೆಂಪು ಗೆರೆ ಇತ್ತು. ಒಂದೇ ಒಂದು ಮಾತು ಹೇಳು, ಆಗುತ್ತದೆ ಅಂತ ಹೇಳು ಸಾಕು, ಅವಳಿಗೆ ಧೈರ್ಯ ಬರುತ್ತದೆ ಎಂದೆ.

"ನಾನು ಹೇಳಿದ್ರೆ ಅದು ಅತ್ತಿಗೆಗೆ ಬೇರೆಯವರು ಹೇಳಿದ್ದಕ್ಕಿಂತ ಜೋರಾಗಿ ಕೇಳಿಸುತ್ತೆ ಅಣ್ಣ" ಎಂದೆ ನೀನು. "ನಂಗೆ ಗೊತ್ತಿರೋದೆಲ್ಲ ಹಾಳೇಲೇ ಇದೆ. ಮೊದಲನೇ ಗುಂಪಿಗೆ ಕೊಡೋದು ತೀರಾ ಕಮ್ಮಿ, ಅಪಾಯ ಇಲ್ಲ ಅಂತ ನೋಡೋಕೆ ಅಷ್ಟೆ. ಅದೂ ಬರ್ದಿದೆ. ಅದಕ್ಕಿಂತ ಒಂದು ಅಕ್ಷರ ಜಾಸ್ತಿ ಹೇಳಿದ್ರೆ ಅದು ಸುಳ್ಳಾಗುತ್ತೆ." ಹೇಳಿ, ಕಳಚಿದ ಕೈಗವಸನ್ನು ಕಸದ ಬುಟ್ಟಿಗೆ ಹಾಕಿದೆ. ನಮ್ಮ ಮನೆಯಲ್ಲಿ ಆ ಹೆಂಗಸನ್ನು ನನ್ನಷ್ಟೇ ಪ್ರೀತಿಸಿದವಳು ನೀನು. ಅವಳಿಗೆ ಸುಳ್ಳು ಹೇಳಲಾರೆ ಎಂದು ನಿಂತವಳೂ ನೀನೇ. ನನ್ನ ಸಿಟ್ಟು ನನ್ನ ಜೊತೆ ಬಸ್ ಸ್ಟಾಪಿನವರೆಗೂ ಬರಲಿಲ್ಲ, ದಾರಿಯಲ್ಲೇ ಎಲ್ಲೋ ಇಳಿದುಹೋಯಿತು.

ಮನೆಗೆ ಬಂದು ಎಲ್ಲ ಹೇಳಿದೆ. ಪ್ರಮಾಣ ತೀರಾ ಕಡಿಮೆಯಂತೆ, ನಿನಗೆ ಏನೂ ಸಿಗದೇ ಹೋಗಬಹುದು, ಸುಮ್ಮನೆ ಯಾಕೆ ಆ ಚುಚ್ಚುಮದ್ದು, ಆ ಓಡಾಟ, ಮನೆಯಲ್ಲಿ ಆರಾಮವಾಗಿ ಇರು ಎಂದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ಮಡಿಸುತ್ತಲೇ ಹೇಳಿದಳು. ಆ ಮಾತು ನಿನಗೆ ಇಲ್ಲಿಯವರೆಗೆ ಹೇಳಿಲ್ಲ, ನನ್ನೊಳಗೇ ಇಟ್ಟುಕೊಂಡಿದ್ದೆ. "ಬೆಳಗ್ಗೆ ಮೊದಲನೇ ಟ್ರಿಪ್ಪಿಗೆ ಜನಾನೇ ಇರಲ್ಲ ರೀ. ಎಷ್ಟೋ ದಿನ ನಾನು, ಡ್ರೈವರು, ಇನ್ನು ಮೂರು ಜನ. ಆದ್ರೂ ಗಾಡಿ ಹೊರಡ್ಲೇಬೇಕು. ಮೊದಲನೇದು ಬಂದೇ ಬರುತ್ತೆ ಅಂತ ಗೊತ್ತಾದ್ರೇನೇ ಎರಡನೇದಕ್ಕೆ ಜನ ಸ್ಟಾಪಲ್ಲಿ ಬಂದು ನಿಲ್ಲೋದು. ನಾನು ಮೊದಲನೇ ಟ್ರಿಪ್ಪಿಗೆ ಹೋಗ್ತೀನಿ. ಅಭ್ಯಾಸ ಇದೆ."

ಹೆದರಿಕೆ ಇಲ್ಲವೇ ಎಂದು ಕೇಳಿದೆ. ಇದೆ ಎಂದಳು. ಮಡಿಸಿದ ಬಟ್ಟೆಯನ್ನು ನನ್ನ ತೊಡೆಯ ಮೇಲಿಟ್ಟು, ಒಳಗಿಟ್ಟು ಬನ್ನಿ ಎಂದಳು.

ಮೊದಲ ಚುಚ್ಚುಮದ್ದಿನ ದಿನ ನೀನು ಒಳಗೆ ಬರುವ ಹಾಗಿರಲಿಲ್ಲ. ಬಾಗಿಲಿನ ಗಾಜಿನಾಚೆ, ಕಾರಿಡಾರಿನ ಬೆಂಚಿನ ತುದಿಯಲ್ಲಿ ಬ್ಯಾಗನ್ನು ಅಪ್ಪಿಕೊಂಡು ಕೂತಿದ್ದೆ. ಒಂದು ಸಲ ಎದ್ದು ಬಂದು ಗಾಜಿಗೆ ಮುಖ ತಂದೆ. ನಿನ್ನ ಅತ್ತಿಗೆ ತೋಳು ಮೇಲೆ ಸರಿಸಿಕೊಂಡು ಕೂತವಳು ಅಲ್ಲಿಂದಲೇ ಕೂಗಿದಳು, "ಯಾರ್ರೀ ಅದು ಫುಟ್‌ಬೋರ್ಡಲ್ಲಿ? ಒಳಗೆ ಬನ್ನಿ, ಇಲ್ಲಾಂದ್ರೆ ಇಳ್ಕೊಳ್ಳಿ." ನರ್ಸು ನಗು ತಡೆಯಲಾರದೆ ಸೂಜಿ ಕೆಳಗಿಟ್ಟರು. ನೀನು ನಕ್ಕೆ, ನಗುತ್ತಲೇ ಬೆನ್ನು ತಿರುಗಿಸಿದೆ, ಬೆನ್ನು ಅಲುಗುತ್ತಿದ್ದದ್ದು ನಮಗೆ ಕಾಣಿಸುತ್ತಿತ್ತು. ಆಮೇಲೆ ಇವಳು ನರ್ಸಿನ ಕಡೆ ತಿರುಗಿ, "ರೈಟ್, ಹೋಗೋಣ" ಎಂದಳು. ಅಷ್ಟು ವರ್ಷ ಗಾಡಿ ಹೊರಡಿಸಿದ ಅದೇ ದನಿ.

ಗಡ್ಡೆ ಕುಗ್ಗಲಿಲ್ಲ. ಕೆಲವು ತಿಂಗಳು ಇದ್ದಲ್ಲೇ ಇತ್ತು. ಲಸಿಕೆಯಿಂದ ನಿಂತಿತೋ ತಾನಾಗಿ ನಿಂತಿತೋ ಯಾರೂ ಹೇಳಲಾರರು ಎಂದರು ಡಾಕ್ಟರು. ಆ ತಿಂಗಳುಗಳು ನನ್ನವು, ಅವನ್ನು ಯಾರ ಲೆಕ್ಕಕ್ಕೂ ಬರೆಯುವುದಿಲ್ಲ. ದಿನಾ ಸಂಜೆ ಇಬ್ಬರೂ ಬಸ್ ಹತ್ತಿ ಕೊನೆಯ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ಹೊಸ ಕಂಡಕ್ಟರುಗಳಿಗೆ ಅವಳು ಕೂತಲ್ಲಿಂದಲೇ ಪಾಠ ಮಾಡುತ್ತಿದ್ದಳು, ನಾನು ಕಿಟಕಿಯಾಚೆ ಅಂಗಡಿಗಳ ಬೋರ್ಡುಗಳಲ್ಲಿ ಕಾಗುಣಿತದ ತಪ್ಪು ಹುಡುಕುತ್ತಿದ್ದೆ. ಇಷ್ಟು ಸುಖವಾಗಿ ನಾವಿಬ್ಬರೂ ಮದುವೆಯಾದ ಹೊಸದರಲ್ಲೂ ಇರಲಿಲ್ಲ.

ಆ ದಿನಗಳಲ್ಲೇ ಡಾಕ್ಟರು ಅವಳ ರಕ್ತದ ವಿಷಯ ಹೇಳಿದ್ದು. ಅಷ್ಟು ಕಡಿಮೆ ಪ್ರಮಾಣದಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ, ಆದರೆ ಅವಳ ಮೈ ಆ ಚೂರನ್ನು ಗುರುತು ಹಿಡಿದಿತ್ತು, ಅದಕ್ಕೆಂದೇ ಪ್ರತಿಕಾಯಗಳನ್ನು ತಯಾರು ಮಾಡಿತ್ತು. ಬರೀ ನಂಬರು ಬರೆದ ಸೀಸೆಗಳನ್ನು ನಿನ್ನ ಕೋಣೆಯಲ್ಲಿ ಪರೀಕ್ಷಿಸಿದಾಗ ಒಂದು ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತಂತೆ, ಅದು ಯಾರದೆಂದು ನಿನಗೆ ಆಗ ಗೊತ್ತಿರಲಿಲ್ಲವಂತೆ. ಶಾಲೆಯಲ್ಲಿ ಒಂದು ತರಗತಿಯನ್ನೂ ಮೊದಲ ಸಲಕ್ಕೆ ದಾಟದವಳು ಇವಳು. ಬೀದಿಯಲ್ಲಿ ಸಿಕ್ಕವರಿಗೆಲ್ಲ, "ನನ್ನ ರಕ್ತ ಫಸ್ಟ್ ಕ್ಲಾಸಲ್ಲಿ ಪಾಸಾಗಿದೆ" ಎಂದು ಹೇಳಿಕೊಂಡು ಬಂದಳು. ನಾನು ಅವಳನ್ನು ಮೆಚ್ಚಿ ನೋಡಿದ್ದು ಅದೇ ಮೊದಲೇನಲ್ಲ, ಆದರೆ ಅವತ್ತು ನೋಡಿದ ಹಾಗೆ ಎಂದೂ ನೋಡಿರಲಿಲ್ಲ.

ಆಮೇಲೆ ಗಡ್ಡೆ ಮತ್ತೆ ಬೆಳೆಯಿತು. ಅವಳು ಹೋದಳು. ಅದರ ಬಗ್ಗೆ ನಾವಿಬ್ಬರೂ ಬರೆದು ಆಗಬೇಕಾದ್ದೇನೂ ಇಲ್ಲ, ನೀನೂ ಅಲ್ಲೇ ಇದ್ದೆ.

ಈಗ ಆ ಒಂದು ಕಡೆಗೆ ಬರುತ್ತೇನೆ. ಮೂರನೇ ಪುಟ, ಮೇಲಿನಿಂದ ಎರಡನೇ ವಾಕ್ಯ. "ಈ ಲಸಿಕೆಯನ್ನು ಇದಕ್ಕೆ ಮೊದಲು ಆರು ಜನರಿಗೆ ಅತಿ ಕಡಿಮೆ ಪ್ರಮಾಣದಲ್ಲಿ ನೀಡಲಾಗಿದೆ." ಹಾಳೆಯನ್ನು ಮೇಲಿಂದ ಕೆಳಗೆ ಜಾಲಾಡಿದೆ, ಬೇರೆಲ್ಲೂ ಒಂದೇ ಒಂದು ಲಾಗಿದೆ ಇಲ್ಲ. ನನ್ನ ಮಾತು ಅಷ್ಟು ಚೆನ್ನಾಗಿ ಪಾಲಿಸಿದ್ದೀಯ. ಇದೊಂದನ್ನು ಬಿಟ್ಟಿದ್ದೀಯ. ಕಣ್ತಪ್ಪಿ ಉಳಿದದ್ದಲ್ಲ ಎಂದು ನನಗೆ ಗೊತ್ತು. ನೀಡಿದವರು ಯಾರು ಎಂದು ಕೇಳಿದರೆ ಉತ್ತರ ನಿನ್ನ ಹತ್ತಿರವೇ ಬಂದು ನಿಲ್ಲುತ್ತದೆ. ಆ ಆರು ಜನರಲ್ಲಿ ಒಬ್ಬಳು ನಿನಗೆ ಕೈಕಾಲು ತೊಳೆದುಕೊಂಡು ಬಾ ಎಂದವಳು. ಅದಕ್ಕೇ ನೀನು ಆ ಕೈಕಾಲಿಲ್ಲದ ಲಾಗಿದೆಯ ಹಿಂದೆ ಹೋಗಿ ಅಡಗಿಕೊಂಡೆ.

ಪುಟ್ಟೀ, ಆ ವಾಕ್ಯದ ಕರ್ತೃ ನೀನಲ್ಲ. ನೀನು ಲಸಿಕೆ ಮಾಡಿದೆ, ನಿನಗೆ ತಿಳಿದಷ್ಟನ್ನು ಬರೆದೆ, ತಿಳಿಯದ್ದು ತಿಳಿಯದು ಎಂದೂ ಬರೆದೆ, ಆಮೇಲೆ ಬಾಗಿಲಾಚೆ ಕೂತೆ. ಮಿಕ್ಕದ್ದನ್ನು ಮಾಡಿದವರು ಆ ಆರು ಜನ. ಆಗದೆಯೂ ಇರಬಹುದು ಎಂಬುದನ್ನು ಎರಡು ಸಲ ಓದಿ, ಬಟ್ಟೆ ಮಡಿಸಿಟ್ಟು, ತೋಳು ಮೇಲೆ ಸರಿಸಿ ಕೂತವರು. ಆದ್ದರಿಂದ ನಾನು ಲಾಗಿದೆಯನ್ನು ಹೊಡೆದು ಹೀಗೆ ತಿದ್ದಿದ್ದೇನೆ: "ಈ ಲಸಿಕೆಯನ್ನು ಇದಕ್ಕೆ ಮೊದಲು ಆರು ಜನ ಅತಿ ಕಡಿಮೆ ಪ್ರಮಾಣದಲ್ಲಿ ಹಾಕಿಸಿಕೊಂಡಿದ್ದಾರೆ." ಹಾಕಿಸಿಕೊಂಡಿದ್ದಾರೆ. ಯಾರೋ ಹಾಕಿದ್ದು ನಿಜ, ಆದರೆ ಹಾಕಿಸಿದವರೂ ಅವರೇ, ಕೊಂಡವರೂ ಅವರೇ. ನಮ್ಮ ಭಾಷೆ ಇಷ್ಟನ್ನೂ ಒಂದೇ ಪದದಲ್ಲಿ ಇಟ್ಟುಕೊಂಡು ಕೂತಿರುವಾಗ ನಾವು ಲಾಗಿದೆ ಎನ್ನುವುದು ಬೇಡ. ಈ ಒಂದು ತಿದ್ದುಪಡಿಯನ್ನು ಮಾತ್ರ ಪೆನ್ಸಿಲ್ಲಿನಿಂದ ಮತ್ತೆ ಬದಲಾಯಿಸಬೇಡ. ಆಗದೆಯೂ ಇರಬಹುದು ಎಂಬುದನ್ನು ನಾನು ಮುಟ್ಟಿಲ್ಲ. ಅದು ಎಂದಿಗೂ ಅಲ್ಲೇ ಇರಲಿ.

ಭಾನುವಾರ ಬಾ. ಅಡುಗೆಯ ಬಗ್ಗೆ ದೊಡ್ಡ ಆಸೆ ಇಟ್ಟುಕೊಳ್ಳಬೇಡ. ಬಾಗಿಲಲ್ಲಿ ನಿಲ್ಲಿಸುವವರು ಯಾರೂ ಇಲ್ಲವೆಂದು ಹಾಗೇ ನುಗ್ಗಬೇಡ, ಕೈಕಾಲು ತೊಳೆದುಕೊಂಡೇ ಒಳಗೆ ಬಾ.

ನಿನ್ನ ಕೈಗೆ ಒಳ್ಳೆಯದಾಗಲಿ, ಅದು ಮುಟ್ಟಿದ್ದು ಯಾರಿಗಾದರೂ ಆಯುಸ್ಸಾಗಲಿ. ಎರಡನೇ ಟ್ರಿಪ್ಪು ಹೊರಡಿಸಲು ಅವಳಿಲ್ಲ, ಅವಳ ಪರವಾಗಿ ನಾನೇ ಹೇಳುತ್ತೇನೆ. ನನ್ನ ದನಿ ಹಿಂದಿನ ಸೀಟಿನವರೆಗೆ ಹೋಗುವುದಿಲ್ಲ, ನಿನಗೆ ಕೇಳಿಸಿದರೆ ಸಾಕು.

ರೈಟ್, ಹೋಗೋಣ.

ನಿನ್ನ,
ಅಣ್ಣ